ಓದುಗರ ಪ್ರಶ್ನೆ: ನೋಟಿನ ಮೇಲೆ ನೋಟು ಅಚ್ಚಾದ ವರ್ಷ

ಪ್ರಶ್ನೆ: ಹಳೆಯ ನೋಟುಗಳನ್ನು ಕೂಡಿಡುವ ಹವ್ಯಾಸ ನನ್ನದು. ಈಚೆಗೆ ಸಿಕ್ಕ ಜರ್ಮನಿಯ ನೋಟೊಂದರಲ್ಲಿ 1,000 ಮಾರ್ಕ್ ಎಂದಿದೆ. ದಿನಾಂಕ 15 ಡಿಸೆಂಬರ್ 1922. ಅದರ ಮೇಲೆಯೇ ಕೆಂಪು ಅಕ್ಷರದಲ್ಲಿ ಇನ್ನೇನೋ ಒತ್ತಿದ್ದಾರೆ. ಇದು ನಕಲಿಯೇ?

ಉತ್ತರ: ಕೆಂಪು ಅಚ್ಚು ಇದೆಯೆಂದ ಮಾತ್ರಕ್ಕೆ ನಕಲಿಯಲ್ಲ. ಅಲ್ಲಿರುವುದು ‘ಐನೆ ಮಿಲಿಯಾರ್ಡೆ ಮಾರ್ಕ್’, ಅಂದರೆ 100 ಕೋಟಿ ಮಾರ್ಕ್. 1923ರಲ್ಲಿ ಸಾವಿರದ ನೋಟಿಗೆ ಏನೂ ಬೆಲೆ ಉಳಿಯದೆ ಹೋದಾಗ, ಅದರ ಮೇಲೆಯೇ ಹತ್ತು ಲಕ್ಷ ಪಟ್ಟು ಮೊತ್ತವನ್ನು ಒತ್ತಿ ಚಲಾವಣೆಗೆ ಬಿಟ್ಟರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಡಾಲರಿಗೆ ಸರಾಸರಿ ಸುಮಾರು 10 ಕೋಟಿ ಮಾರ್ಕ್ ಇತ್ತು. ಹಾಗಾಗಿ ನಿಮ್ಮ ನೋಟಿಗೆ ಸುಮಾರು ಹತ್ತು ಡಾಲರ್ ಬರುತ್ತಿತ್ತು. ನವೆಂಬರ್ 20ರ ಹೊತ್ತಿಗೆ ಡಾಲರ್ 4.2 ಲಕ್ಷ ಕೋಟಿ ಮಾರ್ಕ್ ಮುಟ್ಟಿತು. ಆಗ ಇಂಥ ಹತ್ತು ನೋಟು ಕೊಟ್ಟರೆ ಹೊಸ ಹಣದ ಒಂದು ಫೆನ್ನಿಗ್, ಅಂದರೆ ಹೊಸ ಮಾರ್ಕ್‌ನ ನೂರನೇ ಒಂದು ಪಾಲು.

ಈ ಕಾಲದ ನೋಟು ಓದುವಾಗ ಒಂದು ಕಡೆ ಬಹಳ ಜನ ಎಡವುತ್ತಾರೆ. ಜರ್ಮನರ ‘ಬಿಲಿಯೋನ್’ ಇಂಗ್ಲಿಷಿನ ಬಿಲಿಯನ್ ಅಲ್ಲ, ಅದು ಒಂದು ಲಕ್ಷ ಕೋಟಿ. 1924ರ ಫೆಬ್ರುವರಿ ದಿನಾಂಕ ಹೊತ್ತ ಅತಿ ದೊಡ್ಡ ನೋಟು ಅಂಥ ನೂರು ಬಿಲಿಯೋನಿನದು. ಇನ್ನು ಹಿಂಬದಿ ಖಾಲಿ ಇರುವ ನೋಟು ಸಿಕ್ಕರೆ ಅನುಮಾನ ಬೇಡ. ಅವಸರಕ್ಕೆ ಎಷ್ಟೋ ನೋಟುಗಳನ್ನು ಒಂದೇ ಬದಿಗೆ ಮುದ್ರಿಸಿದ್ದರು.

ಪ್ರಶ್ನೆ: ಹಣ ಅಷ್ಟು ಕೆಟ್ಟುಹೋಗಲು ವರ್ಸೇಲ್ಸ್ ಒಪ್ಪಂದದ ಪರಿಹಾರದ ಹೊರೆಯೇ ಕಾರಣವೆಂದು ಓದಿದ್ದೇವೆ. ನಿಜವೇ? ಕೊನೆಗೆ ಅದು ನಿಂತದ್ದು ಹೇಗೆ?

ಉತ್ತರ: ಅರ್ಧ ನಿಜ. ಕಾಯಿಲೆ ಶುರುವಾದದ್ದು 1914ರ ಆಗಸ್ಟ್‌ನಲ್ಲಿ, ನೋಟಿಗೆ ಚಿನ್ನ ಕೊಡುವುದನ್ನು ಜರ್ಮನಿ ನಿಲ್ಲಿಸಿದಾಗ. ಅಲ್ಲಿಂದ ಮುಂದೆ ಯುದ್ಧದ ಖರ್ಚನ್ನು ತೆರಿಗೆಗಿಂತ ಹೆಚ್ಚಾಗಿ ಸಾಲದಿಂದಲೇ ತೂಗಿಸಿದರು. ಜನರಿಂದ ಒಂಬತ್ತು ಸಲ ಯುದ್ಧಸಾಲ ಎತ್ತಿದರು. ಗೆದ್ದರೆ ಸೋತವರಿಂದ ವಸೂಲಿ ಮಾಡುವ ಲೆಕ್ಕಾಚಾರ. ಸೋತರು. 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್ ಪರಿಹಾರ ನಿಗದಿಯಾಯಿತು. ಇದನ್ನು ಕಾಗದದ ಮಾರ್ಕ್‌ನಲ್ಲಿ ತೀರಿಸುವಂತಿರಲಿಲ್ಲ. ಕಾಗದ ಮಾರಿ ವಿದೇಶಿ ಹಣ ಕೊಳ್ಳಲು ಹೋದಷ್ಟೂ ಮಾರ್ಕ್ ಕುಸಿಯಿತು.

ಕಟ್ಟೆ ಒಡೆದದ್ದು ರೂರ್‌ನಲ್ಲಿ. ಪರಿಹಾರದ ಲೆಕ್ಕದಲ್ಲಿ ಕೊಡಬೇಕಿದ್ದ ಟೆಲಿಗ್ರಾಫ್ ಕಂಬದ ಮರ ಮತ್ತು ಕಲ್ಲಿದ್ದಲಿನ ಬಾಕಿ ನೆಪವಾಗಿ 1923ರ ಜನವರಿ 11ರಂದು ಫ್ರಾನ್ಸ್, ಬೆಲ್ಜಿಯಂ ಸೇನೆಗಳು ಆ ಗಣಿ ಪ್ರದೇಶಕ್ಕೆ ನುಗ್ಗಿದವು. ಕೆಲಸ ನಿಲ್ಲಿಸಿ ಎಂದು ಬರ್ಲಿನ್ ಕರೆ ಕೊಟ್ಟಿತು. ಕೆಲಸ ಬಿಟ್ಟವರಿಗೆ ಸಂಬಳ ಕೊಡಬೇಕು, ಗಣಿಯ ವರಮಾನ ನಿಂತಿದೆ. ಸರ್ಕಾರ ಖಜಾನೆ ಹುಂಡಿ (ಅಲ್ಪಾವಧಿಯ ಸಾಲಪತ್ರ) ಬರೆಯುವುದು, ಕೇಂದ್ರ ಬ್ಯಾಂಕಾದ ರೈಶ್‌ಬ್ಯಾಂಕ್ ಅದನ್ನು ಹಿಡಿದುಕೊಂಡು ನೋಟು ಕೊಡುವುದು, ಇದೇ ದಾರಿಯಾಯಿತು. ಬ್ಯಾಂಕಿನ ಮುಖ್ಯಸ್ಥ ರುಡಾಲ್ಫ್ ಹಾವೆನ್‌ಸ್ಟೈನ್ ಅವರಿಗೆ ನೋಟು ಸಾಲದಿರುವುದೇ ದೊಡ್ಡ ಚಿಂತೆಯಾಗಿತ್ತು! ನೂರಕ್ಕೂ ಹೆಚ್ಚು ಖಾಸಗಿ ಮುದ್ರಣಾಲಯಗಳನ್ನು ಹಚ್ಚಿದರೂ ಸಾಲದೆ, ಊರಿನ ಆಡಳಿತಗಳೂ ಕಾರ್ಖಾನೆಗಳೂ ತಮ್ಮದೇ ತುರ್ತು ನೋಟು ಹೊರಡಿಸಿದವು.

ತೆರಿಗೆ ಏರಿಸಬಹುದಿತ್ತಲ್ಲ ಎನ್ನುವಿರಿ. ವಿಧಿಸಿದ ದಿನಕ್ಕೂ ಕಟ್ಟುವ ದಿನಕ್ಕೂ ನಡುವೆ ಕೆಲವೇ ವಾರ ಕಳೆದರೂ ಆ ಮೊತ್ತ ಕಾಸಿಗೂ ಸಮವಲ್ಲ. ಕಟ್ಟುವುದನ್ನು ತಡಮಾಡಿದವನೇ ಜಾಣ. ಬ್ಯಾಂಕ್ ಸಾಲದ್ದೂ ಇದೇ ಕಥೆ. 1923ರ ಸೆಪ್ಟೆಂಬರ್‌ನಲ್ಲಿ ರೈಶ್‌ಬ್ಯಾಂಕ್ ಬಡ್ಡಿಯನ್ನು ಶೇ 90ಕ್ಕೆ ಏರಿಸಿತು, ಆದರೆ ಸರಕುಗಳ ಬೆಲೆ ವಾರದೊಳಗೇ ಅದಕ್ಕಿಂತ ಹೆಚ್ಚು ಏರುತ್ತಿದ್ದಾಗ ಅದು ಪುಕ್ಕಟೆ ಸಾಲವೇ. ಈ ಸಾಲದಲ್ಲಿ ಕಾರ್ಖಾನೆ, ಗಣಿಗಳನ್ನು ಕೊಂಡು ಬೆಳೆದವರಲ್ಲಿ ಹ್ಯೂಗೊ ಸ್ಟಿನ್ನೆಸ್ ಹೆಸರು ಮೊದಲು ಬರುತ್ತದೆ. ಸರ್ಕಾರವನ್ನು ನಂಬಿ ಯುದ್ಧಸಾಲದ ಪತ್ರ ಕೊಂಡವರು ಮುಳುಗಿದರು. 1925ರ ಕಾನೂನು ಅಡಮಾನ ಸಾಲಗಳಿಗೆ ಮೂಲ ಬೆಲೆಯ ಶೇ 25ರಷ್ಟು ಮರಳಿಸಿದರೆ, ಸರ್ಕಾರಿ ಪತ್ರಗಳಿಗೆ ಕೊಟ್ಟದ್ದು ಶೇ 2.5.

ನಿಲ್ಲಿಸಿದ ಬಗೆ ಹೀಗೆ. ಸೆಪ್ಟೆಂಬರ್ 26ರಂದು ಚಾನ್ಸೆಲರ್ ಸ್ಟ್ರೆಸೆಮನ್ ರೂರ್ ಅಸಹಕಾರವನ್ನು ಕೈಬಿಟ್ಟರು. ನವೆಂಬರ್ 15ರಂದು ರೆಂಟೆನ್‌ಮಾರ್ಕ್ ಹೊರಬಂತು. ಒಂದಕ್ಕೆ ಹಳೆಯ ಒಂದು ಲಕ್ಷ ಕೋಟಿ ಮಾರ್ಕ್. ಕೃಷಿಭೂಮಿ, ಕೈಗಾರಿಕೆಗಳ ಮೇಲಿನ ಅಡಮಾನ ಇದಕ್ಕೆ ಆಧಾರ ಎಂದರು. ಆ ಆಧಾರದಲ್ಲಿ ಹುರುಳು ಕಡಿಮೆ, ನೋಟು ಹಿಡಿದುಹೋದವನಿಗೆ ಯಾರೂ ಹೊಲ ಅಳೆದು ಕೊಡುತ್ತಿರಲಿಲ್ಲ. ಕೆಲಸ ಮಾಡಿದ್ದು ಮಿತಿ: ಒಟ್ಟು 240 ಕೋಟಿಗಿಂತ ಹೆಚ್ಚು ಹೊರಡಿಸುವಂತಿಲ್ಲ, ಸರ್ಕಾರಕ್ಕೆ ಸಾಲವಾಗಿ 120 ಕೋಟಿಗಿಂತ ಹೆಚ್ಚು ಇಲ್ಲ. ಅದೇ ದಿನ ರೈಶ್‌ಬ್ಯಾಂಕ್ ಖಜಾನೆ ಹುಂಡಿ ಹಿಡಿಯುವುದನ್ನೂ ನಿಲ್ಲಿಸಿತು. ಹಣದ ಆಯುಕ್ತರಾಗಿ ಬಂದ ಹ್ಯಾಲ್ಮರ್ ಶಾಖ್ಟ್ ತುರ್ತು ನೋಟುಗಳನ್ನು ಸ್ವೀಕರಿಸಲು ಒಪ್ಪಲಿಲ್ಲ, ಲಕ್ಷಾಂತರ ಸರ್ಕಾರಿ ನೌಕರರು ಮನೆಗೆ ಹೋದರು. ಈ ಕೊನೆಯ ಕ್ರಮಗಳಿಲ್ಲದೆ ಬರೀ ಹೊಸ ನೋಟು ಬಂದಿದ್ದರೆ ಅದೂ ಕೆಲವೇ ತಿಂಗಳಲ್ಲಿ ಹಳೆಯದರ ಹಾದಿ ಹಿಡಿಯುತ್ತಿತ್ತು.

ಪ್ರಶ್ನೆ: ಹಾಗಾದರೆ ಹಿಟ್ಲರ್ ಅಧಿಕಾರಕ್ಕೆ ಬಂದದ್ದು ಈ ಹಣದುಬ್ಬರದಿಂದಲೇ ಅಲ್ಲವೇ?

ಉತ್ತರ: ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1928ರ ಮೇ ಚುನಾವಣೆಯಲ್ಲಿ, ಅಂದರೆ ಹಣ ಕೆಟ್ಟು ನಾಲ್ಕೂವರೆ ವರ್ಷವಾದ ಮೇಲೆ, ನಾಜಿ ಪಕ್ಷಕ್ಕೆ ಸಿಕ್ಕದ್ದು ಶೇ 2.6 ಮತ, 12 ಸ್ಥಾನ. 1930ರ ಸೆಪ್ಟೆಂಬರ್‌ನಲ್ಲಿ 107, 1932ರ ಜುಲೈನಲ್ಲಿ 230. ಈ ಏರಿಕೆಯ ಕಾಲದಲ್ಲಿ ಬೆಲೆಗಳು ಇಳಿಯುತ್ತಿದ್ದವು. ಚಾನ್ಸೆಲರ್ ಬ್ರೂನಿಂಗ್ ಸುಗ್ರೀವಾಜ್ಞೆಗಳ ಮೂಲಕ ಸಂಬಳ ಕಡಿದರು, ಖರ್ಚು ಕಡಿದರು. 1932ರ ಆರಂಭದಲ್ಲಿ ನಿರುದ್ಯೋಗಿಗಳು 60 ಲಕ್ಷ ದಾಟಿದ್ದರು. 1923ರ ಪಾತ್ರ ಇಲ್ಲವೆಂದಲ್ಲ. ಉಳಿತಾಯ ಕಳೆದುಕೊಂಡ ಮಧ್ಯಮವರ್ಗ ಗಣರಾಜ್ಯವನ್ನು ಮತ್ತೆ ನಂಬಲಿಲ್ಲ, ನೋಟು ಅಚ್ಚುಹಾಕುವ ಭಯಕ್ಕೆ ಸರ್ಕಾರವೂ ಕೈಬಿಚ್ಚಲಿಲ್ಲ. ಆದರೆ ಮತ ತಂದುಕೊಟ್ಟದ್ದು ನಿರುದ್ಯೋಗದ ವರ್ಷಗಳು.

ಪ್ರಶ್ನೆ: ಅಮೆರಿಕ ರಾಷ್ಟ್ರಸಂಘವನ್ನು (ಲೀಗ್ ಆಫ್ ನೇಷನ್ಸ್) ಯಾವಾಗ ಬಿಟ್ಟಿತು?

ಉತ್ತರ: ಸೇರಲೇ ಇಲ್ಲ. ಸಂಘದ ಕರಾರೂ ಸೇರಿದ್ದ ವರ್ಸೇಲ್ಸ್ ಒಪ್ಪಂದಕ್ಕೆ 1920ರ ಮಾರ್ಚ್‌ನಲ್ಲಿ ಸೆನೆಟ್‌ನಲ್ಲಿ ಪರವಾಗಿ 49, ವಿರುದ್ಧವಾಗಿ 35 ಮತ ಬಿದ್ದವು. ಮೂರನೇ ಎರಡಕ್ಕೆ ಏಳು ಕಡಿಮೆ.

ಪ್ರಶ್ನೆ: ‘ನಾನ್ಸೆನ್ ಪಾಸ್‌ಪೋರ್ಟ್’ ಇದ್ದವರು ಯಾವ ದೇಶದ ಪ್ರಜೆಗಳು?

ಉತ್ತರ: ಯಾವ ದೇಶದವರೂ ಅಲ್ಲ, ಅದಕ್ಕೇ ಅದು ಬೇಕಾಯಿತು. ದೇಶ ಬಿಟ್ಟುಹೋದ ಲಕ್ಷಾಂತರ ರಷ್ಯನ್ನರ ಪೌರತ್ವವನ್ನು ಸೋವಿಯತ್ ಸರ್ಕಾರ 1921ರಲ್ಲಿ ಕಿತ್ತುಹಾಕಿತ್ತು. ರಾಷ್ಟ್ರಸಂಘದ ನಿರಾಶ್ರಿತರ ಆಯುಕ್ತ ಫ್ರಿಟ್ಯೋಫ್ ನಾನ್ಸೆನ್ 1922ರ ಜುಲೈನಲ್ಲಿ ಜಿನೀವಾದಲ್ಲಿ ಈ ಗುರುತುಪತ್ರಕ್ಕೆ ಒಪ್ಪಿಗೆ ಪಡೆದರು. 1924ರಲ್ಲಿ ಆರ್ಮೇನಿಯನ್ನರಿಗೂ ಸಿಕ್ಕಿತು. ಪತ್ರ ಕೊಡುತ್ತಿದ್ದದ್ದು ರಾಷ್ಟ್ರಸಂಘವಲ್ಲ, ನಿರಾಶ್ರಿತರು ನೆಲೆಸಿದ ದೇಶದ ಸರ್ಕಾರ. ಮೊದಲಿಗೆ ಅದರಲ್ಲೊಂದು ದೊಡ್ಡ ಕೊರತೆಯಿತ್ತು: ಹೊರಗೆ ಹೋದವರನ್ನು ಮರಳಿ ಸೇರಿಸಿಕೊಳ್ಳುವ ಹೊಣೆ ಪತ್ರ ಕೊಟ್ಟ ದೇಶಕ್ಕೆ ಇರಲಿಲ್ಲ. ಬಂದವರನ್ನು ವಾಪಸ್ ಕಳಿಸಲಾಗದೆಂದು ಉಳಿದ ದೇಶಗಳು ವೀಸಾ ಕೊಡಲು ಹಿಂಜರಿದವು. 1926ರಲ್ಲಿ ಮರಳುವ ವೀಸಾದ ಏರ್ಪಾಡು ಬಂತು. ಅದರ ಜೊತೆಗೇ ಐದು ಚಿನ್ನದ ಫ್ರಾಂಕಿನ ಸ್ಟಾಂಪೂ ಬಂತು. ಅದರ ಹಣ ನಿರಾಶ್ರಿತರ ನೆರವಿಗೇ ಹೋಗುತ್ತಿತ್ತು, ಕಡುಬಡವರಿಗೆ ವಿನಾಯಿತಿ ಇತ್ತು.