ಬಾಟಲಿಗೆ ಕೂತ ಲೆಕ್ಕ ಟ್ಯಾಂಕಿಗೆ ಯಾಕೆ ಕೂರುವುದಿಲ್ಲ?

ಪ್ರಶ್ನೆ: ಕೊಳಚೆ ನೀರಿನ ಶುದ್ಧೀಕರಣದ ಮೇಲೆ ಎಂ.ಟೆಕ್. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನನ್ನ ಬಿಒಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ) ಬಾಟಲಿಯ ಅಂಕಿಗಳು ಫಸ್ಟ್ ಆರ್ಡರ್ ಸಮೀಕರಣಕ್ಕೆ, ಅಂದರೆ ಉಳಿದ ಕೊಳೆಗೆ ತಕ್ಕಂತೆ ವೇಗ ಇಳಿಯುವ ಲೆಕ್ಕಕ್ಕೆ, ಸೊಗಸಾಗಿ ಕೂರುತ್ತವೆ. ಆ ವೇಗ ಹೇಳುವ ‘ಕೆ’ ದಿನಕ್ಕೆ 0.23. ಅದನ್ನೇ ಏರೇಷನ್ ಟ್ಯಾಂಕಿಗೆ (ಗಾಳಿ ಊದುವ ಟ್ಯಾಂಕಿಗೆ) ಹಾಕಿದರೆ ಆಮ್ಲಜನಕದ ಲೆಕ್ಕ ತಾಳೆಯಾಗುತ್ತಿಲ್ಲ. ‘ಕೆ’ ಬೆಲೆ ತಿದ್ದಿದರೆ ಸರಿಹೋದೀತೆ? — ಒಬ್ಬ ವಿದ್ಯಾರ್ಥಿನಿ

ಉತ್ತರ: ದಯವಿಟ್ಟು ‘ಕೆ’ ಮುಟ್ಟಬೇಡಿ. ನಿಮ್ಮ 0.23 ಪ್ರಕಾರ ಐದು ದಿನಕ್ಕೆ ಶೇ. 68ರಷ್ಟು ಕೊಳೆ ಕರಗುತ್ತದೆ, ಆರು ಗಂಟೆಗೆ ಶೇ. 6 ಕೂಡ ಇಲ್ಲ. ಆದರೆ ಟ್ಯಾಂಕಿನಲ್ಲಿ ಆರು ಗಂಟೆಯೊಳಗೆ ಬಹುಪಾಲು ಕೆಲಸ ಮುಗಿದಿರುತ್ತದೆ. ಯಾಕೆಂದರೆ ಅಲ್ಲಿ ಲೀಟರಿಗೆ ಎರಡು ಮೂರು ಗ್ರಾಂ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಹಸಿದು ಕಾದಿರುತ್ತದೆ. ‘ಕೆ’ಯಲ್ಲಿ ತಿನ್ನುವವರೆಷ್ಟು ಎಂಬ ಲೆಕ್ಕವೇ ಇಲ್ಲ.

ಊಟವೂ ಒಂದೇ ಬಗೆಯದಲ್ಲ. 1987ರಲ್ಲಿ ಬಂದ ಎಎಸ್ಎಂ1 ಎಂಬ, ಇಂಥ ಟ್ಯಾಂಕುಗಳ ಗಣಿತ ಮಾದರಿ ಸಿಒಡಿಯನ್ನು (ಕೊಳೆಯನ್ನು ಆಮ್ಲಜನಕದ ಲೆಕ್ಕದಲ್ಲಿ ಹೇಳುವ ಅಳತೆ) ಪಾಲು ಮಾಡಿದ್ದು ಅದಕ್ಕೇ: ನೇರವಾಗಿ ಜೀವಕೋಶದೊಳಕ್ಕೆ ಹೋಗುವ ಕರಗಿದ ಅಂಶ, ಕಿಣ್ವಗಳು ಮೊದಲು ತುಂಡರಿಸಬೇಕಾದ ಕಣರೂಪದ ಅಂಶ, ಎಂದಿಗೂ ಕೊಳೆಯದ ಅಂಶ.

ಇದನ್ನು ನೀವೇ ಕಣ್ಣಾರೆ ನೋಡಿ. ರಾತ್ರಿಯಿಡೀ ಗಾಳಿ ಕೊಟ್ಟ ಸ್ಲಡ್ಜನ್ನು ಬೀಕರಿಗೆ ಹಾಕಿ, ನೈಟ್ರೀಕರಣ (ಅಮೋನಿಯಾ ಆಮ್ಲಜನಕ ಬಳಸಿ ನೈಟ್ರೇಟ್ ಆಗುವುದು) ತಡೆಯಲು ಅಲೈಲ್ ಥಯೋಯೂರಿಯಾ ಬೆರೆಸಿ, ಆಮ್ಲಜನಕದ ಪ್ರೋಬ್ ಇಳಿಬಿಡಿ. ಕೊಳಚೆ ನೀರು ಸುರಿಯಿರಿ. ಗಾಳಿ ನಿಲ್ಲಿಸಿ ಆಮ್ಲಜನಕ ಎಷ್ಟು ಬೇಗ ಇಳಿಯುತ್ತದೆಂದು ಬರೆದುಕೊಳ್ಳಿ, ಮತ್ತೆ ಗಾಳಿ ಕೊಡಿ, ಮತ್ತೆ ನಿಲ್ಲಿಸಿ. ಬಳಕೆಯ ವೇಗ ಒಮ್ಮೆಲೇ ಏರಿ, ಸ್ವಲ್ಪ ಹೊತ್ತು ಮೇಜಿನಂತೆ ಸಮತಟ್ಟಾಗಿ ಸಾಗಿ, ಆಮೇಲೆ ಕೆಲವೇ ನಿಮಿಷಗಳಲ್ಲಿ ಮೆಟ್ಟಿಲಿಳಿದಂತೆ ಕುಸಿಯುತ್ತದೆ. ಸುಲಭದ ಊಟ ಮುಗಿದ ಗಳಿಗೆ ಅದು. ಎಷ್ಟು ಸಲ ನೋಡಿದ್ದರೂ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನಂತರ ನಿಧಾನಕ್ಕೆ ಜಾರುವ ಉದ್ದನೆಯ ಬಾಲವೇ ಕಣಗಳು ಕರಗುವ ಕತೆ.

ಗ್ರಾಫಿನಲ್ಲಿ ಆ ಬಾಲವನ್ನು ಹಿಂದಕ್ಕೆ ಎಳೆದು, ಅದರ ಮೇಲಿರುವ ಭಾಗದ ವಿಸ್ತೀರ್ಣ ತೆಗೆಯಿರಿ. ಸುಲಭದ ಊಟಕ್ಕೆ ಖರ್ಚಾದ ಆಮ್ಲಜನಕ ಅಷ್ಟು. ತಿಂದದ್ದರಲ್ಲಿ ಸುಮಾರು 0.67 ಪಾಲು ಬ್ಯಾಕ್ಟೀರಿಯಾದ ಮೈಗೆ ಸೇರುತ್ತದೆ, ಉಳಿದ 0.33 ಮಾತ್ರ ಆಮ್ಲಜನಕ ಕೇಳುತ್ತದೆ. ಹಾಗಾಗಿ 20 ಮಿಲಿಗ್ರಾಂ ಆಮ್ಲಜನಕ ಕಂಡರೆ ಸುಲಭದ ಸಿಒಡಿ ಸುಮಾರು 60 ಮಿಲಿಗ್ರಾಂ. ಸ್ಲಡ್ಜ್ ಬೆರೆತು ತೆಳುವಾದದ್ದಕ್ಕೆ ತಿದ್ದುಪಡಿ ಮರೆಯಬೇಡಿ.

ಒಮ್ಮೆ ನನ್ನ ಗಣಿತ ಮಾದರಿಗೆ ಎಷ್ಟು ಪ್ರಯತ್ನಿಸಿದರೂ ಟ್ಯಾಂಕಿನ ಬೆಳಗಿನ ಆಮ್ಲಜನಕ ಬೇಡಿಕೆ ಹಿಡಿಯಲಾಗಲಿಲ್ಲ. ಎರಡು ವಾರ ಬ್ಯಾಕ್ಟೀರಿಯಾದ ಬೆಳವಣಿಗೆ, ಸಾವಿನ ದರಗಳನ್ನೆಲ್ಲ ತಿರುವಿದೆ. ಕೊನೆಗೆ ಗೊತ್ತಾಯಿತು: ಸಂಜೆ ತಂದ ಕೊಳಚೆ ನೀರಿನ ಕ್ಯಾನು ರಾತ್ರಿಯೆಲ್ಲ ಫ್ರಿಜ್ಜಿನ ಹೊರಗೇ ಉಳಿದಿತ್ತು. ಅದರಲ್ಲಿದ್ದ ಬ್ಯಾಕ್ಟೀರಿಯಾಗಳೇ ಸುಲಭದ ಊಟವನ್ನು ಮುಗಿಸಿಬಿಟ್ಟಿದ್ದವು. ನಾನು ಅಳೆದದ್ದು ಎಂಜಲನ್ನು. ಹೊಸದಾಗಿ ತಂದು 4 ಡಿಗ್ರಿಯಲ್ಲಿಟ್ಟ ನೀರಿನಿಂದ ಪಾಲುಗಳನ್ನು ಮತ್ತೆ ಅಳೆದಾಗ, ದರಗಳನ್ನೆಲ್ಲ ಪುಸ್ತಕದ ಬೆಲೆಗೆ ಮರಳಿಸಿದರೂ ಗೆರೆ ತಾನಾಗಿ ಕೂತಿತು.

ಆದ್ದರಿಂದ ಮೊದಲು ನೀರಿನ ಪಾಲುಗಳು, ಆಮೇಲೆ ಸ್ಲಡ್ಜಿನ ವಯಸ್ಸು (ಅದು ಸರಾಸರಿ ಎಷ್ಟು ದಿನ ಟ್ಯಾಂಕಿನಲ್ಲಿ ಉಳಿಯುತ್ತದೆ ಎಂಬುದು). ದಿನಕ್ಕೆ ಎಷ್ಟು ಸ್ಲಡ್ಜ್ ಹೊರಹಾಕುತ್ತಾರೆಂಬುದನ್ನು ರಿಜಿಸ್ಟರ್ ನಂಬದೆ ನಿಂತು ಅಳೆಯಿರಿ. ದರಗಳ ಸರದಿ ಕಡೆಗೆ. ಬೀಕರಿನ ಗ್ರಾಫ್ ಬಂದ ಮೇಲೆ ಕಳುಹಿಸಿ. ನೀರಿನ ಸ್ಯಾಂಪಲ್ ಎಷ್ಟು ಹೊತ್ತು ಎಲ್ಲಿತ್ತು ಎಂಬುದನ್ನೂ ಜೊತೆಗೇ ಬರೆಯಿರಿ.