13 ವರ್ಷದ ಮಗಳು ಬರೀ ದೆವ್ವ, ಮಾಟ-ಮಂತ್ರದ ಕಥೆ ಓದುತ್ತಾಳೆ. ಬಿಡಿಸಬೇಕಾ?

ಬಿಡಿಸಬೇಡಿ. ಮಗಳು ರಕ್ತಪಿಶಾಚಿ, ಶಾಪ, ಸತ್ತವರು ಎದ್ದು ಬರುವ ಇಂಗ್ಲಿಷ್ ಕಾದಂಬರಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಅತ್ತೆಗೆ ಅಂಥ ಪುಸ್ತಕ ಮನೆಯಲ್ಲಿರುವುದೇ ಹಿಡಿಸುವುದಿಲ್ಲ ಅಂತ ಬರೆದಿದ್ದೀರಿ. ಕನ್ನಡದಲ್ಲಿ ಇಂಥದ್ದು ಇದೆಯಾ ಅಂತಲೂ ಕೇಳಿದ್ದೀರಿ. ನಾನು ರಾಜಾಜಿನಗರದ ಒಂದು ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಏಳನೇ ಕ್ಲಾಸ್ ದಾಟಿದ ಮಕ್ಕಳು ಜಾಸ್ತಿ ಕೇಳುವುದು ಇದೇ ಥರದ ಪುಸ್ತಕ. ಓದುವ ಅಭ್ಯಾಸವೇ ಇಲ್ಲದ ಹುಡುಗರೂ ಇದಕ್ಕಾಗಿ ಬರುತ್ತಾರೆ.

ಈ ವಯಸ್ಸಿನಲ್ಲಿ ಮೈ ಬದಲಾಗುತ್ತದೆ, ಗೆಳತಿಯರು ಇದ್ದಕ್ಕಿದ್ದಂತೆ ದೂರವಾಗುತ್ತಾರೆ, ಸಾವು ಅಂದರೆ ಏನು ಅಂತ ನಿಜವಾಗಿ ಅರ್ಥವಾಗುತ್ತದೆ. ಇದನ್ನೆಲ್ಲ ಮನೆಯಲ್ಲಿ ಬಾಯಿಬಿಟ್ಟು ಮಾತಾಡುವವರು ಕಡಿಮೆ. ಕಥೆಗಳು ಮಾತಾಡುತ್ತವೆ. ಪ್ಯಾಟ್ರಿಕ್ ನೆಸ್ ಅವರ ‘ಎ ಮಾನ್‌ಸ್ಟರ್ ಕಾಲ್ಸ್’ ನಿಮ್ಮ ಮಗಳು ಓದಿಲ್ಲದಿದ್ದರೆ ಮೊದಲು ಅದನ್ನು ಕೊಡಿ. ಅದರ ಹುಡುಗನಿಗೂ 13 ವರ್ಷ. ಅಮ್ಮನಿಗೆ ಕ್ಯಾನ್ಸರ್. ರಾತ್ರಿ 12 ಗಂಟೆ 7 ನಿಮಿಷಕ್ಕೆ ಒಂದು ಮರ ರಾಕ್ಷಸನಾಗಿ ಕಿಟಕಿಗೆ ಬರುತ್ತದೆ. ಅದು ಮೂರು ಕಥೆ ಹೇಳುತ್ತದೆ, ನಾಲ್ಕನೆಯದನ್ನು ಹುಡುಗನೇ ಹೇಳಬೇಕು. ಆ ನಾಲ್ಕನೇ ಕಥೆ ಯಾವ ಮಗುವೂ ಹೊರಗೆ ಹೇಳಲು ಹೆದರುವಂಥ ಸತ್ಯ: ಈ ನೋವು ಒಮ್ಮೆ ಮುಗಿದರೆ ಸಾಕು ಅಂತ ಅವನಿಗೂ ಅನ್ನಿಸಿದೆ. ಈ ಕಥೆ ಮೊದಲು ಹೊಳೆದದ್ದು ಶಿವಾನ್ ಡೌಡ್ ಎಂಬ ಲೇಖಕಿಗೆ. ಅವರೇ ಕ್ಯಾನ್ಸರ್‌ನಿಂದ 2007ರಲ್ಲಿ ತೀರಿಕೊಂಡರು. ನೆಸ್ ಅದನ್ನು ಬರೆದು ಮುಗಿಸಿದರು, 2011ರಲ್ಲಿ ಪುಸ್ತಕ ಬಂತು. ಮನೆಯಲ್ಲಿ ಕಾಯಿಲೆ ನೋಡಿದ ಮಕ್ಕಳು ಇದನ್ನು ವಾಪಸ್ ಕೊಡುವಾಗ ಸ್ವಲ್ಪ ಹೊತ್ತು ಟೇಬಲ್ ಹತ್ತಿರ ನಿಲ್ಲುತ್ತಾರೆ. ಆಗ ನಾನು ಬೇರೆ ಕೆಲಸ ಬದಿಗಿಡುತ್ತೇನೆ.

ಇನ್ನು ಕನ್ನಡ. ಹದಿಹರೆಯದವರಿಗೆ ಅಂತಲೇ ಬರೆದ ಇಂಥ ಕಾದಂಬರಿ ನಮ್ಮಲ್ಲಿ ಕಡಿಮೆ, ಈ ಕೊರತೆ ನನಗೆ ತುಂಬಾ ಬೇಸರ ತರಿಸುತ್ತದೆ. ಆದರೆ ನಮ್ಮ ಜನಪದದಲ್ಲಿ ಇರುವಷ್ಟು ಕತ್ತಲೆ ಆ ಇಂಗ್ಲಿಷ್ ಪುಸ್ತಕಗಳಲ್ಲೂ ಇಲ್ಲ. ಎ. ಕೆ. ರಾಮಾನುಜನ್ ಸಂಗ್ರಹಿಸಿದ ಹೂವಿನ ಮರವಾಗುವ ಹುಡುಗಿಯ ಕಥೆ ತೆಗೆದುಕೊಳ್ಳಿ. ಬಡವರ ಮನೆಯ ಹುಡುಗಿ. ಮೈಮೇಲೆ ಒಂದು ಕೊಡ ನೀರು ಹಾಕಿದರೆ ಮರವಾಗುತ್ತಾಳೆ, ಇನ್ನೊಂದು ಕೊಡ ಹಾಕಿದರೆ ಮತ್ತೆ ಹುಡುಗಿ. ಚಿಗುರು ಮುರಿಯದೆ, ಎಲೆ ಹರಿಯದೆ ಹೂ ಬಿಡಿಸಬೇಕು. ಅಕ್ಕ ಹಾಗೇ ಜೋಪಾನವಾಗಿ ಬಿಡಿಸುತ್ತಾಳೆ. ಮದುವೆಯಾದ ಮೇಲೆ ನಾದಿನಿ ಇವಳನ್ನು ತೋಟಕ್ಕೆ ಕರೆದುಕೊಂಡು ಹೋಗುತ್ತಾಳೆ, ಮರವಾಗು ಅಂತ ಗೆಳತಿಯರ ಮುಂದೆ ಪೀಡಿಸುತ್ತಾಳೆ. ಒಲ್ಲದ ಮನಸ್ಸಿನಿಂದ ಇವಳು ಒಪ್ಪುತ್ತಾಳೆ. ಅವರೆಲ್ಲ ಕೊಂಬೆ ಮುರಿದು ಹೂ ಕಿತ್ತು, ಬೇಕಾಬಿಟ್ಟಿ ನೀರು ಸುರಿದು ಓಡಿಹೋಗುತ್ತಾರೆ. ಇವಳು ಕೈಕಾಲಿಲ್ಲದ ಅರ್ಧ ದೇಹವಾಗಿ ಬಿದ್ದಿರುತ್ತಾಳೆ. ಕೊನೆಗೆ ಗಂಡ ಅವಳನ್ನು ಗುರುತಿಸಿ, ಮತ್ತೆ ಮರವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿ ನೀರು ಹಾಕುತ್ತಾನೆ.

ಇದನ್ನು ಒಂಬತ್ತನೇ ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಹುಡುಗಿ, ‘ಫೋಟೋ ಹಾಕು ಹಾಕು ಅಂತ ಗ್ರೂಪಲ್ಲಿ ಪ್ರಾಣ ತಿಂತಾರಲ್ಲ ಮಿಸ್, ಇದೂ ಅದೇ ಅಲ್ವಾ?’ ಅಂದಳು. ನಾನು ಏನೂ ವಿವರಿಸಿರಲಿಲ್ಲ. ಆಮೇಲೆ ಆ ಪೀರಿಯಡ್ ಪೂರ್ತಿ ಹುಡುಗಿಯರದೇ ಮಾತು, ಹುಡುಗರು ಕೇಳಿಸಿಕೊಂಡರು. ಗಿರೀಶ ಕಾರ್ನಾಡರು ಇದೇ ಕಥೆಯ ಮೇಲೆ 1992ರಲ್ಲಿ ‘ಚೆಲುವಿ’ ಅಂತ ಹಿಂದಿ ಸಿನಿಮಾ ಮಾಡಿದ್ದಾರೆ, ಅದನ್ನೂ ಒಟ್ಟಿಗೆ ಕೂತು ನೋಡಬಹುದು.

ಅತ್ತೆಯವರ ವಿಷಯಕ್ಕೂ ಇಲ್ಲೇ ದಾರಿ ಇದೆ. ಅವರನ್ನು ‘ಕೆರೆಗೆ ಹಾರ’ ಹಾಡು ಗೊತ್ತಾ ಅಂತ ಕೇಳಿ ನೋಡಿ. ಕೆರೆಗೆ ನೀರು ಬರಲಿ ಅಂತ ಮನೆಯ ಹಿರಿಯರೇ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ಅವಳು ಒಂದೊಂದು ಮೆಟ್ಟಿಲು ಹತ್ತಿದಂತೆ ನೀರು ಏರುತ್ತದೆ. ಇದಕ್ಕಿಂತ ಭಯಾನಕ ದೃಶ್ಯ ನಾನು ಯಾವ ಕಾದಂಬರಿಯಲ್ಲೂ ಓದಿಲ್ಲ. ನಮ್ಮ ಬೆಂಗಳೂರಿನದೇ ಬೇಕಾದರೆ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನ ಐತಿಹ್ಯ ಇದೆ. ಕೋಟೆಯ ಬಾಗಿಲು ನಿಲ್ಲಲಿ ಅಂತ ಬಸುರಿ ಹೆಂಗಸು ತನ್ನನ್ನೇ ಬಲಿ ಕೊಟ್ಟುಕೊಂಡಳು ಅನ್ನುತ್ತಾರೆ. ಅವಳ ಗುಡಿ ಕೋರಮಂಗಲದಲ್ಲಿದೆ, ಮಗಳನ್ನು ಕರೆದುಕೊಂಡು ಹೋಗಿ. 1990ರ ದಶಕದಲ್ಲಿ, ರಾತ್ರಿ ಬಾಗಿಲು ತಟ್ಟುವ ದೆವ್ವ ವಾಪಸ್ ಹೋಗಲಿ ಅಂತ ಜನ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದನ್ನು ಅತ್ತೆಯೇ ನೋಡಿರಬಹುದು. ಮೊಮ್ಮಗಳಿಗೆ ಹೇಳಲಿ. ಹಳೆಯ ‘ಚಂದಮಾಮ’ದ ಬೇತಾಳ ಕಥೆಗಳೂ ಇವೆ. ಹೆಣ ಹೊತ್ತ ರಾಜ, ಗೊತ್ತಿದ್ದೂ ಉತ್ತರ ಹೇಳದಿದ್ದರೆ ತಲೆ ಸಿಡಿಯುತ್ತದೆ, ಹೇಳಿದರೆ ಹೆಣ ಮತ್ತೆ ಮರಕ್ಕೆ. ಮಕ್ಕಳಿಗೆ ಈ ಸಿಕ್ಕು ಭಾರಿ ಇಷ್ಟ.

ಹಾಗಂತ ಎಲ್ಲವನ್ನೂ ಕಣ್ಣುಮುಚ್ಚಿ ಕೊಡಿ ಅನ್ನುವುದಿಲ್ಲ. ನಾನು ನೋಡುವುದು ಒಂದೇ: ಕಥೆಯಲ್ಲಿ ಯಾರಿಗಾದರೂ ನೋವಾದರೆ ಆ ನೋವಿಗೆ ಬೆಲೆ ಇದೆಯಾ? ಸುಮ್ನೆ ಬೆಚ್ಚಿಬೀಳಿಸಲು ಪುಟಕ್ಕೊಂದು ಹೆಣ ಬೀಳಿಸುವ ಪುಸ್ತಕ ನನ್ನ ಕಪಾಟಿಗೆ ಬೇಡ. ದೆವ್ವಕ್ಕಿಂತ ನನಗೆ ಚಿಂತೆಯಾಗುವುದು ಕೆಲವು ಪ್ರೇಮಕಥೆಗಳು. 2005ರಲ್ಲಿ ಬಂದ ‘ಟ್ವೈಲೈಟ್’ನಲ್ಲಿ ಹುಡುಗ ಹೇಳದೆ ಕೇಳದೆ ರಾತ್ರಿ ಹುಡುಗಿಯ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತಾನೆ, ಪುಸ್ತಕ ಅದನ್ನು ಪ್ರೀತಿ ಅನ್ನುತ್ತದೆ. ಓದಬೇಡ ಅನ್ನಬೇಡಿ. ಓದಿದ ಮೇಲೆ, ‘ನಿನ್ನ ಕ್ಲಾಸಿನ ಹುಡುಗ ಹೀಗೆ ಮಾಡಿದರೆ?’ ಅಂತ ಕೇಳಿ.

ನಿದ್ದೆ ಕೆಟ್ಟರೆ ರಾತ್ರಿ ಓದು ನಿಲ್ಲಿಸಿ, ಸಂಜೆ ಓದಲಿ. ಊಟ, ಗೆಳೆತನ, ಆಟ ಎಲ್ಲ ಬಿಟ್ಟು ಸಾವಿನ ಬಗ್ಗೆ ತನ್ನದೇ ಮಾತಾಗಿ ಹೇಳತೊಡಗಿದರೆ ಅದು ಪುಸ್ತಕದ ವಿಷಯವಲ್ಲ. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಈ ಭಾನುವಾರ ಚರ್ಚ್ ಸ್ಟ್ರೀಟ್‌ಗೆ ಅವಳನ್ನು ಕರೆದುಕೊಂಡು ಹೋಗಿ. ಅಲ್ಲಿ ಹಳೆಯ ಪುಸ್ತಕ ಕಡಿಮೆ ಬೆಲೆಗೆ ಸಿಗುತ್ತವೆ. ಒಂದು ಅವಳು ಆರಿಸಲಿ, ಒಂದು ನೀವು. ಅವಳು ಆರಿಸಿದ್ದನ್ನು ನೀವು ಮೊದಲು ಓದಿ. ಬರುತ್ತಾ ಗಾಂಧಿ ಬಜಾರಿನ ‘ಅಂಕಿತ ಪುಸ್ತಕ’ ಅಂಗಡಿಯಲ್ಲಿ ಕನ್ನಡ ಜನಪದ ಕಥೆಗಳ ಸಂಗ್ರಹ ಕೇಳಿ. ಮಗಳಿಗೆ ಕನ್ನಡ ಓದು ನಿಧಾನ ಅನ್ನಿಸಿದರೆ ನೀವೇ ಗಟ್ಟಿಯಾಗಿ ಓದಿ ಹೇಳಿ. 13 ವರ್ಷದವರೂ ಕೂತು ಕೇಳುತ್ತಾರೆ, ನಾನು ದಿನಾ ನೋಡುತ್ತೇನೆ.