ಕ್ಲಿನಿಕಲ್ ಟ್ರಯಲ್‌ನ ಔಷಧಿ ಬಜೆಟ್: ರೋಗಿಗಳ ಲೆಕ್ಕಕ್ಕೆ 10% ಸೇರಿಸಿದರೆ ಸಾಕಾ?

ಸಾಕಾಗುವುದಿಲ್ಲ. 200 ರೋಗಿಗಳು, ತಲಾ 6 ಭೇಟಿ, ಭೇಟಿಗೊಂದು ಕಿಟ್ (ಒಂದು ಭೇಟಿಗೆ ಬೇಕಾದ ಔಷಧಿಯ ಡಬ್ಬಿ), ಒಟ್ಟು 1,200, ಮೇಲೆ 10% ಎಂದು ನಿಮ್ಮ ಬಜೆಟ್‌ನಲ್ಲಿ ಬರೆದಿದ್ದೀರಿ. ಮೊದಲ ಟ್ರಯಲ್‌ನಲ್ಲಿ ನಾನೂ ಹೀಗೇ ಲೆಕ್ಕ ಹಾಕಿದ್ದೆ. ಅರ್ಧ ದಾರಿಯಲ್ಲೇ ಕಿಟ್ ಮುಗಿಯುತ್ತಾ ಬಂತು. ಕೆಲವು ವಾರ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಕಾಯಿಲೆ ಇಟ್ಟುಕೊಂಡು ಕಾದವರನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಮೊದಲು ನೋಡಬೇಕಾದದ್ದು ಆಸ್ಪತ್ರೆಗಳ ಸಂಖ್ಯೆ. ನಿಮ್ಮ 200 ಜನ 40 ಆಸ್ಪತ್ರೆಗಳಲ್ಲಿ ಹಂಚಿಹೋಗಿದ್ದಾರೆ ಅನ್ನಿ. ಮುಂದಿನ ರೋಗಿಗೆ ಔಷಧಿ ಬೀಳುತ್ತದೋ ಪ್ಲಸೀಬೊ (ಔಷಧಿಯಂತೆಯೇ ಕಾಣುವ, ಔಷಧಿಯಿಲ್ಲದ ಡೋಸ್) ಬೀಳುತ್ತದೋ ಅಲ್ಲಿನ ಡಾಕ್ಟರಿಗೂ ಗೊತ್ತಿರುವುದಿಲ್ಲ, ಅಲ್ವಾ? ಹಾಗಾಗಿ ಎರಡೂ ಬಗೆಯ ಕಿಟ್ ಎಲ್ಲ ಕಡೆಯೂ ಇರಲೇಬೇಕು. ಎರಡೆರಡು ಇಟ್ಟರೂ 160 ಕಿಟ್ ಕಪಾಟಿನಲ್ಲಿ ಸುಮ್ನೆ ಕೂತಿರುತ್ತವೆ. ನಿಮ್ಮ 10% ಅಂದರೆ 120. ಅಲ್ಲಿಗೇ ಖಾಲಿ! ಒಬ್ಬ ರೋಗಿಯೂ ಬಾರದ ಆಸ್ಪತ್ರೆಯಲ್ಲೂ ನಾಲ್ಕು ಕಿಟ್ ಇಟ್ಟು ಎಕ್ಸ್‌ಪೈರಿ ಆಗಲು ಬಿಡಬೇಕಾಗುತ್ತದೆ. ಕಿಟ್ ಹಂಚಿಕೆ ನೋಡಿಕೊಳ್ಳುವ ಐಆರ್‌ಟಿ ಸಾಫ್ಟ್‌ವೇರ್‌ಗೆ ದುಡ್ಡು ಇಡಿ. ಮೊದಲ ರೋಗಿ ಆಯ್ಕೆಯಾಗುವ ಹೊತ್ತಿಗೆ ಮಾತ್ರ ಕಿಟ್ ಕಳಿಸುವಂತೆ ಹೊಂದಿಸಿದರೆ ಈ ನಷ್ಟ ತುಂಬಾ ಇಳಿಯುತ್ತದೆ.

ಫ್ರಿಜ್‌ನಲ್ಲಿಡುವ ಔಷಧಿಯಾದರೆ ಇನ್ನೊಂದು ಕಷ್ಟ. ಡಬ್ಬಿ ತೆರೆದಾಗ ಒಳಗಿನ ಡೇಟಾ ಲಾಗರ್‌ನಲ್ಲಿ (ದಾರಿಯುದ್ದಕ್ಕೂ ತಾಪಮಾನ ದಾಖಲಿಸುವ ಸಾಧನ) ಅಲಾರಂ ಗುರುತು ಕಂಡರೆ, 2ರಿಂದ 8 ಡಿಗ್ರಿ ದಾಟಿದೆ ಎಂದರ್ಥ. ಔಷಧಿ ಕೆಟ್ಟಿರದೇ ಇರಬಹುದು. ಆದರೂ ತೀರ್ಮಾನ ಬರುವ ತನಕ ಆ ಡಬ್ಬಿಯನ್ನು 2ರಿಂದ 8 ಡಿಗ್ರಿಯಲ್ಲೇ ಬೇರೆಯಾಗಿ ಇಡಬೇಕು, ಯಾರಿಗೂ ಕೊಡುವಂತಿಲ್ಲ. ಅಷ್ಟರಲ್ಲಿ ಬದಲಿ ಡಬ್ಬಿ ಹೊರಡಬೇಕು. ಅಂದರೆ ಒಂದೇ ಕಿಟ್‌ಗೆ ಎರಡು ಸಲ ಸಾಗಣೆ ಖರ್ಚು.

ಎಕ್ಸ್‌ಪೈರಿಯನ್ನಂತೂ ಎಲ್ಲರೂ ಮರೆಯುತ್ತಾರೆ. ಹೊಸ ಔಷಧಿಗೆ ಶುರುವಿನಲ್ಲಿ ಕಡಿಮೆ ಅವಧಿಯೇ ಸಿಗುತ್ತದೆ. ಔಷಧಿ ಎಷ್ಟು ಕಾಲ ಕೆಡದೆ ಇರುತ್ತದೆ ಎಂದು ನೋಡುವ ಸ್ಥಿರತೆಯ ಪರೀಕ್ಷೆ ಮುಂದುವರಿದ ಹಾಗೆ ಅದನ್ನು ವಿಸ್ತರಿಸುತ್ತಾರೆ. ಆಗ ಪ್ರತಿ ಡಬ್ಬಿಗೂ ಹೊಸ ತಾರೀಖಿನ ಲೇಬಲ್ ಅಂಟಿಸಬೇಕು. ಹಳೆಯ ತಾರೀಖಿನ ಮೇಲೆ ಅಂಟಿಸಬಹುದು, ಬ್ಯಾಚ್ ನಂಬರ್ ಮಾತ್ರ ಮುಚ್ಚಬಾರದು. ದೇಶಕ್ಕೊಂದು ಭಾಷೆ ಇದ್ದರೆ ಲೇಬಲ್‌ಗಳೂ ಅಷ್ಟು ಬಗೆ. ಕೆಲಸ ಚಿಕ್ಕದಾಗಿ ಕಾಣುತ್ತದೆ, ಬಿಲ್ ಮಾತ್ರ ಜಾಸ್ತಿ.

ಹೋಲಿಕೆಗೆ ಬೇರೆ ಕಂಪನಿಯ ಔಷಧಿ ಬೇಕಿದ್ದರೆ ಅದನ್ನು ಬೇಗ ಕೊಂಡಿಡಿ. ಗುರುತು ಸಿಗದಂತೆ ಮಾತ್ರೆಯನ್ನು ಕ್ಯಾಪ್ಸೂಲ್ ಒಳಗೆ ಸೇರಿಸುವುದಾದರೆ ಅದಕ್ಕೂ ಪರೀಕ್ಷೆ, ಅದಕ್ಕೂ ಸಮಯ ಬೇಕು.

ಕೊನೆಯಲ್ಲಿ ಉಳಿದ ಕಿಟ್‌ಗಳನ್ನು ವಾಪಸ್ ತರಿಸಿ, ಎಣಿಸಿ, ದಾಖಲೆಯೊಂದಿಗೆ ತಾಳೆ ನೋಡಿ, ನಾಶ ಮಾಡಿಸುವ ಖರ್ಚನ್ನೂ ಈಗಲೇ ಬರೆದುಕೊಳ್ಳಿ. ನಿಮ್ಮಲ್ಲಿ ಎಷ್ಟು ಆಸ್ಪತ್ರೆಗಳಿವೆ, ಔಷಧಿಯ ಅವಧಿ ಎಷ್ಟು ತಿಂಗಳು ಎಂದು ತಿಳಿಸಿದರೆ ಕಿಟ್‌ಗಳ ಲೆಕ್ಕವನ್ನು ಇಲ್ಲೇ ಹಾಕಿ ತೋರಿಸುತ್ತೇನೆ.